ಇಂಗ್ಲಿಷಿನಲ್ಲಿ ಒಂದೇ ‘ರೈಸ್’, ಟ್ಯಾಗಲಾಗ್‌ನಲ್ಲಿ ಎಷ್ಟು? ಐದು ಕೇಜಿ ಅನ್ನ ಕೇಳಿ ನಗೆಪಾಟಲಾದೆ

ಮನಿಲಾದ ಮಂಡ್ಯದವಳು
ಎಲ್ಲರಿಗೂ ನಮಸ್ಕಾರ. ಗಂಡನ ಕೆಲಸದ ದೆಸೆಯಿಂದ ಮನಿಲಾಕ್ಕೆ ಬಂದು ನಾಲ್ಕು ತಿಂಗಳಾಯಿತು. ಕೆಸೋನ್ ಸಿಟಿಯಲ್ಲಿ ಬಾಡಿಗೆ ಮನೆ. ಇಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಇಂಗ್ಲಿಷ್ ಬರುತ್ತದೆ, ಅದರದ್ದೇನೂ ತೊಂದರೆ ಇಲ್ಲ. ಆದರೂ ಇರುವ ಊರಿನ ಮಾತಾದ ಟ್ಯಾಗಲಾಗ್ ಕಲಿಯೋಣ ಅಂತ ಫೋನಿನಲ್ಲಿ ಒಂದು ನಿಘಂಟು ಹಾಕಿಕೊಂಡೆ. ಎಡವಟ್ಟಾಗಿದ್ದು ಅಲ್ಲೇ.

ಮೊನ್ನೆ ಶನಿವಾರ ಪಲೆಂಗ್ಕೆಗೆ ಹೋಗಿದ್ದೆ. ಪಲೆಂಗ್ಕೆ ಅಂದರೆ ಮೀನು, ತರಕಾರಿ, ದಿನಸಿ ಎಲ್ಲ ಸಿಗುವ ಮಾರುಕಟ್ಟೆ. ಅಕ್ಕಿ ಅಂಗಡಿಯಲ್ಲಿ ಮರದ ಪೆಟ್ಟಿಗೆಗಳ ತುಂಬ ಅಕ್ಕಿ ಗುಡ್ಡೆ ಹಾಕಿ, ಒಂದೊಂದು ಗುಡ್ಡೆಗೂ ಒಂದು ರಟ್ಟಿನ ಚೀಟಿ ಚುಚ್ಚಿ ಹೆಸರು, ರೇಟು ಬರೆದಿರುತ್ತಾರೆ. ನಿಘಂಟಿನಲ್ಲಿ ‘ರೈಸ್’ ಅಂತ ಹಾಕಿದೆ. ಮೊದಲು ಬಂದದ್ದು ‘ಕಾನಿನ್’. ಧೈರ್ಯವಾಗಿ ‘ಲಿಮಾಂಗ್ ಕಿಲೋಂಗ್ ಕಾನಿನ್ ಪೋ’ ಅಂದೆ. ಅಂಗಡಿಯ ಹೆಂಗಸು ಒಂದು ಗಳಿಗೆ ನನ್ನ ಮುಖ ನೋಡಿದರು. ಪಕ್ಕದ ಮೀನಿನ ಅಂಗಡಿಯವರನ್ನು ಕೂಗಿ ಏನೋ ಹೇಳಿದರು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಇಂಗ್ಲಿಷಿನಲ್ಲಿ ಕೇಳಿದರು, ‘ಮೇಡಂ, ಮನೇಲಿ ಮದುವೆನಾ?’ ನಾನು ಕೇಳಿದ್ದು ಐದು ಕೇಜಿ ಅನ್ನ!

ಸರಿ, ಅಕ್ಕಿಗೆ ‘ಬಿಗಾಸ್’ ಅನ್ನಬೇಕಂತೆ. ಪಾಠ ಕಲಿತೆ ಅಂದುಕೊಂಡೆ. ಮಾರನೇ ದಿನ ಮಧ್ಯಾಹ್ನ ಮನೆ ಹತ್ತಿರದ ಕರಿಂಡೇರಿಯಾಗೆ ಹೋದೆವು. ನಮ್ಮ ಮೆಸ್ ಇದ್ದ ಹಾಗೆ. ಪಾತ್ರೆಗಳನ್ನು ಸಾಲಾಗಿ ಇಟ್ಟಿರುತ್ತಾರೆ, ಬೇಕಾದ್ದನ್ನು ತೋರಿಸಿ ಹಾಕಿಸಿಕೊಳ್ಳುವುದು. ಅಲ್ಲಿ ಹೋಗಿ ‘ಒಂದು ಬಿಗಾಸ್’ ಅಂದೆ. ಬಡಿಸುತ್ತಿದ್ದ ಹುಡುಗ ಸೌಟು ಮೇಲೆತ್ತಿ ಹಿಡಿದುಕೊಂಡೇ ಕೇಳಿದ, ‘ಮನೇಲಿ ಕೋಳಿ ಸಾಕಿದ್ದೀರಾ?’

ಈ ‘ರೈಸ್’ಗೆ ಟ್ಯಾಗಲಾಗ್‌ನಲ್ಲಿ ಒಟ್ಟು ಎಷ್ಟು ಪದ ಇವೆ? ಯಾವುದನ್ನು ಎಲ್ಲಿ ಹೇಳಬೇಕು? ಫಿಲಿಪ್ಪೀನ್ಸ್‌ನಲ್ಲಿ ಇರುವವರು, ಇದ್ದು ಬಂದವರು ದಯವಿಟ್ಟು ಹೇಳಿ. ಇನ್ನೊಂದು ಸಲ ನಗಿಸುವ ಶಕ್ತಿ ನನಗಿಲ್ಲ.

ಬಸವನಗುಡಿ ಬೆಣ್ಣೆ
ಐದು ಕೇಜಿ ಅನ್ನಕ್ಕೆ ಸಾರು ಎಷ್ಟು ಲೀಟರ್ ಬೇಕು ಅಂತ ಕೇಳಲಿಲ್ವಾ?

ಹಳೇ ಮೇಷ್ಟ್ರು
ತಂಗಿ, ನೀವು ಎಡವಿದ್ದು ಟ್ಯಾಗಲಾಗ್‌ನಲ್ಲಿ ಅಲ್ಲ, ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ‘ಅಕ್ಕಿ’ ಅಂತ ಯೋಚಿಸಿದಿರಿ, ಅದನ್ನು ‘ರೈಸ್’ ಮಾಡಿದಿರಿ, ಅಲ್ಲಿಂದ ಟ್ಯಾಗಲಾಗ್‌ಗೆ ಹೋದಿರಿ. ಬಸ್ ಬದಲಾಯಿಸುವಾಗ ಸಾಮಾನು ಕಳೆದುಹೋಯಿತು.

ಗದ್ದೆಯಲ್ಲಿ ಇರುವುದು ಭತ್ತ, ಚೀಲದಲ್ಲಿ ಇರುವುದು ಅಕ್ಕಿ, ತಟ್ಟೆಯಲ್ಲಿ ಇರುವುದು ಅನ್ನ. ಇದೇ ಕ್ರಮದಲ್ಲಿ ಅವರದು ಪಾಲೈ, ಬಿಗಾಸ್, ಕಾನಿನ್. ಒಂದಕ್ಕೆ ಒಂದು ಸರಿಯಾಗಿ ಕೂರುತ್ತದೆ. ಭತ್ತ ಬೆಳೆದು ತಿನ್ನುವ ಜನಕ್ಕೆ ಈ ಮೂರು ಬೇರೆ ಬೇರೆ ವಸ್ತುಗಳು. ತಮಿಳರಿಗೆ ನೆಲ್, ಅರಿಸಿ, ಸೋರು. ತೆಲುಗರಿಗೆ ವಡ್ಲು, ಬಿಯ್ಯಂ, ಅನ್ನಂ. ಮಲಯ್ ಭಾಷೆಯಲ್ಲಿ ಪಾದಿ, ಬೆರಾಸ್, ನಾಸಿ. ಮೂರನ್ನೂ ಒಂದೇ ಚೀಲಕ್ಕೆ ತುರುಕಿದ್ದು ಇಂಗ್ಲಿಷ್. ಅವರ ನೆಲದಲ್ಲಿ ಅದು ಬೆಳೆಯುತ್ತಿರಲಿಲ್ಲ, ಹಡಗಿನಲ್ಲಿ ಬರುತ್ತಿತ್ತು. ಹಾಗಾಗಿ ಒಂದು ಪದ ಸಾಕಾಗಿತ್ತು.

ಗಂಗಾವತಿ ಗದ್ದೆ
ಮೇಷ್ಟ್ರೇ, ಇಂಗ್ಲಿಷಿನಲ್ಲೂ ‘ಪ್ಯಾಡಿ’ ಇದೆಯಲ್ಲ?

ಹಳೇ ಮೇಷ್ಟ್ರು
ಅದು ಮಲಯ್‌ನ ‘ಪಾದಿ’ಯಿಂದ ತಂದ ಕಡ. ತಂದಮೇಲೂ ಅವರು ಅದನ್ನು ಹೆಚ್ಚಾಗಿ ಗದ್ದೆಗೆ ಅಂಟಿಸಿದರು. ಪ್ಯಾಡಿ ಅಂದರೆ ಭತ್ತದ ಕಾಳು ಅಂತ ಸಲೀಸಾಗಿ ಹೇಳುವವರು ನಾವು. ಟ್ಯಾಗಲಾಗ್‌ನ ‘ಪಾಲೈ’ ಆ ‘ಪಾದಿ’ಯ ದಾಯಾದಿಯೇ. ಬೆರಾಸ್ ಮತ್ತು ಬಿಗಾಸ್ ಕೂಡ ಹಾಗೇ ಅಣ್ಣತಮ್ಮಂದಿರು.

ಕೋರಮಂಗಲ ಕೋಡರ್
ಅಲ್ಲಿ ಎಲ್ಲರಿಗೂ ಇಂಗ್ಲಿಷ್ ಬರುತ್ತದೆ ಅಂತ ನೀವೇ ಹೇಳುತ್ತೀರಿ. ಮತ್ತೆ ಯಾಕೆ ಈ ಒದ್ದಾಟ? ರೈಸ್ ಅಂತ ಬೆರಳು ತೋರಿಸಿದರೆ ಮುಗಿಯಿತಲ್ಲ.

ಧಾರವಾಡದ ಹುಡುಗ
ಇದೇ ಮಾತನ್ನ ಬೆಂಗಳೂರಿಗೆ ಬಂದವರು ಹೇಳಿದರ ನೀವು ಎಂಥಾ ಉತ್ತರ ಕೊಡ್ತೀರಿ ಅಂತ ನನಗ ಗೊತ್ತೈತಿ ಸರ.

ಕೋರಮಂಗಲ ಕೋಡರ್
ಸರಿ, ಒಪ್ಪಿದೆ.

ದಾವಾವ್ ಡಾಕ್ಟ್ರು
ನಾನು ಫಿಲಿಪ್ಪೀನ್ಸ್‌ನ ದಕ್ಷಿಣದ ದಾವಾವ್ ನಗರದಲ್ಲಿ ಎಂಬಿಬಿಎಸ್‌ಗೆ ಸಮನಾದ ಕೋರ್ಸ್ ಓದುತ್ತಿದ್ದೇನೆ. ಇಲ್ಲಿ ಕನ್ನಡದ ಹುಡುಗರು ಸಾಕಷ್ಟು ಇದ್ದೇವೆ. ಅಕ್ಕ, ನೀವು ಹೇಳಿದ ಪದಗಳನ್ನು ಇಲ್ಲಿಗೆ ತರಬೇಡಿ. ಇಲ್ಲಿನ ಮಾತು ಬಿಸಾಯಾ, ಅಂದರೆ ಸೆಬುವಾನೊ. ಭತ್ತಕ್ಕೆ ಹುಮಾಯ್, ಅಕ್ಕಿಗೆ ಬುಗಾಸ್, ಅನ್ನಕ್ಕೆ ಕಾನ್‌ಓನ್. ಮೊದಲನೇ ವರ್ಷ ಒಬ್ಬ ಸೀನಿಯರ್ ನಮಗೆಲ್ಲ ಟ್ಯಾಗಲಾಗ್ ಪದಗಳ ಒಂದು ಪಟ್ಟಿ ಕೊಟ್ಟಿದ್ದ. ಅದನ್ನು ಬಾಯಿಪಾಠ ಮಾಡಿ ಹೋದರೆ ಅಂಗಡಿಯ ಅಜ್ಜಿ, ‘ಮನಿಲಾದಿಂದ ಬಂದಿರಾ?’ ಅಂತ ಕೇಳಿದರು. ನಮ್ಮನ್ನು ನೋಡಿ ಹಾಗೆ ಕೇಳಿದ್ದು ಅದೇ ಮೊದಲು, ಅದೇ ಕೊನೆ.

ಫಿಲಿಪ್ಪೀನ್ಸ್ ಅಂದರೆ ಟ್ಯಾಗಲಾಗ್ ಒಂದೇ ಅಲ್ಲ. ನೂರಕ್ಕೂ ಹೆಚ್ಚು ಭಾಷೆಗಳಿವೆ. ಕರ್ನಾಟಕ ಅಂದರೆ ಮೈಸೂರು ಕನ್ನಡ ಒಂದೇ ಅಂದುಕೊಂಡರೆ ಹೇಗೋ ಹಾಗೆ. ಇಲ್ಲ, ಅದಕ್ಕಿಂತ ಜಾಸ್ತಿ.

ತೀರ್ಥಹಳ್ಳಿ ಮಳೆ
ನಾನು ಎರಡು ವರ್ಷ ಲಗೂನಾ ಪ್ರಾಂತ್ಯದಲ್ಲಿ ಇದ್ದೆ. ಮಂಡ್ಯದ ಅಕ್ಕನಿಗೆ ಸಮಾಧಾನ ಹೇಳುವುದಕ್ಕೆ ಬಂದೆ, ಆದರೆ ಸಮಾಧಾನ ಆಗುವ ಹಾಗೆ ಏನೂ ಇಲ್ಲ. ಮೂರಕ್ಕೆ ಮುಗಿಯುವುದಿಲ್ಲ.

ರಾತ್ರಿ ಉಳಿದು ತಣ್ಣಗಾದ ಅನ್ನಕ್ಕೆ ‘ಬಹಾವ್’. ನಮ್ಮ ತಂಗಳನ್ನ. ಬೆಳಿಗ್ಗೆ ಆ ಬಹಾವ್ ಅನ್ನು ಕೈಯಲ್ಲಿ ಉದುರಿಸಿ, ಎಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿ ಕೆಂಪಗೆ ಹುರಿದು, ಅದರಲ್ಲಿ ಬಾಡಿಸಿದರೆ ‘ಸಿನಂಗಾಗ್’. ನಾವು ತಂಗಳನ್ನಕ್ಕೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡುವುದಿಲ್ಲವಾ, ಅದೇ ಬುದ್ಧಿ. ಅದರ ಜೊತೆ ಮೊಟ್ಟೆ (ಇತ್ಲೋಗ್) ಸೇರಿದರೆ ಎರಡೂ ಪದ ಕೂಡಿ ‘ಸಿಲೋಗ್’. ಒಣಗಿಸಿ ಉಪ್ಪು ಹಿಡಿಸಿದ ಮಾಂಸ ‘ತಾಪಾ’ ಇದ್ದರೆ ತಾಪ್‌ಸಿಲೋಗ್, ಬಂಗೂಸ್ ಮೀನು ಇದ್ದರೆ ಬಂಗ್‌ಸಿಲೋಗ್. ಹೋಟೆಲ್ ಬೋರ್ಡಿನಲ್ಲಿ ಇವನ್ನು ಓದಿ ನಾನು ಚೀನಾದ ಊರುಗಳ ಹೆಸರು ಅಂದುಕೊಂಡಿದ್ದೆ.

ಪಾತ್ರೆಯ ತಳ ಹಿಡಿದು ಗಟ್ಟಿಯಾದದ್ದು ‘ತುತೋಂಗ್’. ಗಂಜಿ ‘ಲುಗಾವ್’. ಅದಕ್ಕೆ ಕೋಳಿ, ಶುಂಠಿ ಹಾಕಿದರೆ ಸ್ಪ್ಯಾನಿಷ್ ಹೆಸರು, ‘ಆರೋಸ್ ಕಾಲ್ಡೊ’. ಅಂಟು ಅಕ್ಕಿ ‘ಮಲಗ್ಕಿತ್’. ಅದನ್ನು ಕೋಕೋ ಹಾಕಿ ಬೇಯಿಸಿದ ಚಾಕೊಲೇಟ್ ಗಂಜಿ ‘ಚಂಪುರಾಡೊ’. ಮಳೆ ಬಂದ ದಿನ ಅದನ್ನು ಒಣಮೀನಿನ ಜೊತೆ ತಿನ್ನುತ್ತಾರೆ. ಹೌದು, ಸರಿಯಾಗೇ ಓದಿದಿರಿ. ಚಾಕೊಲೇಟು, ಒಣಮೀನು. ನಾನು ಮೂಗು ಮುರಿದವನೇ, ಮೂರನೇ ಸಲಕ್ಕೆ ನಾನೇ ಕೇಳಿ ಹಾಕಿಸಿಕೊಂಡೆ.

ಬಸವನಗುಡಿ ಬೆಣ್ಣೆ
ನಮ್ಮಮ್ಮ ಈ ಪೋಸ್ಟ್ ಓದಿದರು. ಒಂದು ಲೋಟ ನೀರು ಕುಡಿದು ಒಳಗೆ ಹೋದರು.

ಮನಿಲಾದ ಮಂಡ್ಯದವಳು
ತಳ ಹಿಡಿದ ಅನ್ನಕ್ಕೂ ಒಂದು ಹೆಸರಾ!

ಧಾರವಾಡದ ಹುಡುಗ
ನಮಗೂ ಐತಲ್ರೀ. ಸೀಕಲು. ಹುಡುಗರಿದ್ದಾಗ ಅದಕ್ಕ ಜಗಳ ಆಡ್ತಿದ್ವಿ.

ಮನಿಲಾದ ಮಂಡ್ಯದವಳು
ನಮ್ಮ ಮನೆಯಲ್ಲಿ ‘ಸೀದೋಯ್ತು’ ಅಂತ ಬೈಸಿಕೊಳ್ಳುತ್ತಿದ್ದೆವು ಅಷ್ಟೇ. ಹೆಸರಿಟ್ಟು ತಿನ್ನುತ್ತಿರಲಿಲ್ಲ.

ಕುಚ್ಚಲಕ್ಕಿ ಕುಡ್ಲ
ಇಂಗ್ಲಿಷಿನ ಈ ಪದದಿಂದ ನನಗಾದ ಪೆಟ್ಟು ಕೇಳಿ ಮಾರಾಯ್ರೆ. ಇಂಗ್ಲೆಂಡಿನಲ್ಲಿ ಓದುವಾಗ ರೂಮಿನಲ್ಲಿ ನಾನೊಬ್ಬ ಮಂಗಳೂರಿನವ, ಇನ್ನೊಬ್ಬ ದಿಲ್ಲಿಯವ. ಅಂಗಡಿಗೆ ಹೊರಟವನಿಗೆ ‘ಬಾಯ್ಲ್ಡ್ ರೈಸ್ ತಾ, ವಾರಕ್ಕೆ ಸಾಕಾಗುವಷ್ಟು’ ಅಂದೆ. ನಮ್ಮ ಊರಲ್ಲಿ ಬಾಯ್ಲ್ಡ್ ರೈಸ್ ಅಂದರೆ ಕುಚ್ಚಲಕ್ಕಿ ಅಲ್ವಾ. ಭತ್ತವನ್ನು ಬೇಯಿಸಿ, ಒಣಗಿಸಿ, ಆಮೇಲೆ ಮಿಲ್ಲಿಗೆ ಹಾಕಿದ್ದು. ಅವ ಚೈನೀಸ್ ಅಂಗಡಿಯಿಂದ ಏಳು ಪ್ಲಾಸ್ಟಿಕ್ ಡಬ್ಬಿ ಬಿಸಿ ಬಿಸಿ ಅನ್ನ ತಂದ. ದಿನಕ್ಕೊಂದು ಅಂತ ಲೆಕ್ಕ ಹಾಕಿ ತಂದಿದ್ದ ಪಾಪ.

ಬೈಯುವುದು ಯಾರಿಗೆ? ಬೇಯಿಸಿದ್ದು ಹೌದಲ್ಲ. ಭತ್ತದಲ್ಲಿ ಬೇಯಿಸಿದ್ದಾ, ಅಕ್ಕಿಯಲ್ಲಿ ಬೇಯಿಸಿದ್ದಾ ಎಂಬುದು ಆ ಪದದಲ್ಲಿ ಇಲ್ಲವೇ ಇಲ್ಲ.

ತೀರ್ಥಹಳ್ಳಿ ಮಳೆ
ಲಗೂನಾದಲ್ಲಿ ನಾನು ಕುಚ್ಚಲಕ್ಕಿ ಹುಡುಕಿ ಸೋತೆ. ಅಲ್ಲಿನ ಅಂಗಡಿಗಳಲ್ಲಿ ಇರುವುದೆಲ್ಲ ನಮ್ಮ ಬೆಳ್ತಿಗೆ ಥರದ್ದು, ಭತ್ತ ಬೇಯಿಸದೆ ಮಾಡಿದ್ದು.

ಮಿಲ್ಲಿನ ಮೂಲೆ
ಯಾರೂ ದನದ ಪಾಲು ಹೇಳಲೇ ಇಲ್ಲ. ನಮ್ಮದು ಅಕ್ಕಿ ಮಿಲ್ಲು, ಹಾಗಾಗಿ ನನಗೆ ಅದರ ಚಿಂತೆ. ಭತ್ತ ಮಿಲ್ಲಿಗೆ ಹೋದರೆ ಅಕ್ಕಿ ಒಂದೇ ಬರುವುದಿಲ್ಲ. ಉಮಿ, ತೌಡು, ನುಚ್ಚು ಎಲ್ಲಕ್ಕೂ ಬೇರೆ ಚೀಲ, ಬೇರೆ ರೇಟು. ಇಂಗ್ಲಿಷಿನಲ್ಲಿ ರೈಸ್ ಹಸ್ಕ್, ರೈಸ್ ಬ್ರ್ಯಾನ್, ಬ್ರೋಕನ್ ರೈಸ್ ಅಂತ ಬಾಲ ಕಟ್ಟಬೇಕು. ಟ್ಯಾಗಲಾಗ್‌ನಲ್ಲಿ ಹೇಗೆ? ತೀರ್ಥಹಳ್ಳಿ ಸರ್ ಹೇಳಬೇಕು.

ತೀರ್ಥಹಳ್ಳಿ ಮಳೆ
ಬಾಲ ಬೇಡ. ಉಮಿಗೆ ‘ಇಪಾ’, ತೌಡಿಗೆ ‘ದರಾಕ್’, ನುಚ್ಚಿಗೆ ‘ಬಿನ್ಲಿದ್’, ಬೈಹುಲ್ಲಿಗೆ ‘ದಯಾಮಿ’. ದರಾಕ್ ಹಂದಿಗೂ ಹಾಕುತ್ತಾರೆ. ಅಕ್ಕಿ ತೊಳೆದ ನೀರು, ಅಂದರೆ ನಮ್ಮ ಅಕ್ಕಚ್ಚು, ಅದಕ್ಕೆ ‘ಹುಗಾಸ್ ಬಿಗಾಸ್’. ನಾವು ಅದನ್ನು ದನಕ್ಕೆ ಇಡುತ್ತೇವೆ ಅಥವಾ ಕರಿಬೇವಿನ ಗಿಡಕ್ಕೆ ಹೊಯ್ಯುತ್ತೇವೆ. ಅವರು ಹುಣಸೆಹುಳಿಯ ‘ಸಿನಿಗಾಂಗ್’ ಸಾರಿಗೆ ಹಾಕುತ್ತಾರೆ, ಸಾರು ಸ್ವಲ್ಪ ಮಂದ ಆಗಲಿ ಅಂತ. ಬೇಯುವ ಅನ್ನದ ಗಂಜಿ ತಿಳಿ ‘ಆಮ್’. ಅದನ್ನು ಎಳೆ ಮಕ್ಕಳಿಗೆ ಕುಡಿಸುತ್ತಾರೆ.

ಪಿನಿಪಿಗ್ ಅಂತ ಇನ್ನೊಂದು ಇದೆ. ಪೂರ್ತಿ ಬಲಿಯದ ಅಂಟು ಭತ್ತವನ್ನು ಹುರಿದು ಕುಟ್ಟಿದ್ದು. ನೋಡಿದ ಕೂಡಲೇ ‘ಹಸಿರು ಅವಲಕ್ಕಿ!’ ಅಂದೆ. ಪಕ್ಕದಲ್ಲಿ ಇದ್ದವರಿಗೆ ನಮ್ಮ ಅವಲಕ್ಕಿಯ ಫೋಟೋ ತೋರಿಸಿದೆ. ‘ಓ, ನಿಮ್ಮದು ಮುದಿ ಪಿನಿಪಿಗ್’ ಅಂದರು.

ಬಸವನಗುಡಿ ಬೆಣ್ಣೆ
ಅವಲಕ್ಕಿಗೆ ಅವಮಾನ. ಈ ಥ್ರೆಡ್ ಬಂದ್ ಮಾಡಿ.

ಗಂಗಾವತಿ ಗದ್ದೆ
ನಾನು ಬೇರೆ ದಾರಿಯಿಂದ ಬರುತ್ತೇನೆ. ನಮ್ಮಪ್ಪ ಐಆರ್ ಎಂಟು, ಆಮೇಲೆ ಐಆರ್ ಅರವತ್ನಾಲ್ಕು ತಳಿಯ ಭತ್ತ ಬೆಳೆದವರು. ತುಂಗಭದ್ರಾ ಕಾಲುವೆ ನೀರು. ಈ ‘ಐಆರ್’ ಏನು ಅಂತ ನಮಗೆ ಗೊತ್ತಿರಲಿಲ್ಲ. ಕಂಪನಿ ಹೆಸರು ಅಂದುಕೊಂಡಿದ್ದೆವು. ಅದು ಫಿಲಿಪ್ಪೀನ್ಸ್‌ನಿಂದ ಬಂದದ್ದು ಅಂತ ಗೊತ್ತಾಗಿದ್ದು ನಾನು ಕೃಷಿ ಡಿಪ್ಲೊಮಾ ಸೇರಿದ ಮೇಲೆ.

ತೀರ್ಥಹಳ್ಳಿ ಮಳೆ
ಹೌದು, ನಾನು ಇದ್ದದ್ದು ಅದರ ಪಕ್ಕದಲ್ಲೇ. ಲಾಸ್ ಬಾನ್ಯೋಸ್ ಅಂತ ಊರು, ಮನಿಲಾದಿಂದ ದಕ್ಷಿಣಕ್ಕೆ. ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ, 1960ರಲ್ಲಿ ಶುರುವಾಯಿತು. ಅದರ ಇಂಗ್ಲಿಷ್ ಹೆಸರಿನ ‘ಇಂಟರ್‌ನ್ಯಾಷನಲ್ ರೈಸ್’ ಎಂಬುದೇ ಆ ‘ಐಆರ್’. ಐಆರ್ 8 ಬಿಡುಗಡೆ ಆಗಿದ್ದು 1966ರಲ್ಲಿ. ಇಂಡೋನೇಷ್ಯಾದ ಪೇಟಾ ತಳಿಗೆ ತೈವಾನಿನ ಒಂದು ಗಿಡ್ಡ ತಳಿ ಕೂಡಿಸಿದ್ದು. ಅದಕ್ಕೂ ಮುಂಚಿನ ತಳಿಗಳು ಉದ್ದ ಬೆಳೆದು, ಗೊಬ್ಬರ ಜಾಸ್ತಿ ಹಾಕಿದರೆ ತೆನೆ ಭಾರಕ್ಕೆ ಮಲಗಿಬಿಡುತ್ತಿದ್ದವು. ಇದು ಗಿಡ್ಡ, ಮಲಗಲಿಲ್ಲ. ಐಆರ್ 64ರ ಹಿಂದೆ ಇದ್ದವರು ನಮ್ಮ ದೇಶದಲ್ಲೇ ಹುಟ್ಟಿದ ಗುರುದೇವ್ ಖುಷ್. 1982ರಿಂದ 88ರ ತನಕ ಆ ಸಂಸ್ಥೆಯ ಮುಖ್ಯಸ್ಥರು ಎಂ.ಎಸ್. ಸ್ವಾಮಿನಾಥನ್. ಅಲ್ಲಿನ ಬೀಜ ಭಂಡಾರದಲ್ಲಿ 1 ಲಕ್ಷ 30 ಸಾವಿರಕ್ಕೂ ಹೆಚ್ಚು ಮಾದರಿಗಳಿವೆ.

ಅಷ್ಟು ಭತ್ತ ಇಟ್ಟುಕೊಂಡಿರುವ ಸಂಸ್ಥೆಯ ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಇರುವುದು ಅದೇ ಒಂದು ‘ರೈಸ್’.

ಗಂಗಾವತಿ ಗದ್ದೆ
ಐಆರ್ ಎಂಟರ ಅನ್ನ ಮಾತ್ರ ಚೆನ್ನಾಗಿರಲಿಲ್ಲ ಬಿಡಿ. ಇಳುವರಿ ಬಂತು, ರುಚಿ ಬರಲಿಲ್ಲ ಅಂತ ಅಮ್ಮ ಈಗಲೂ ಹೇಳುತ್ತಾರೆ.

ಮಿಲ್ಲಿನ ಮೂಲೆ
ನಿಮ್ಮಮ್ಮ ಹೇಳಿದ್ದು ಸರಿ. ಕಾಳು ದಪ್ಪ, ಮಿಲ್ಲಿನಲ್ಲಿ ನುಚ್ಚೂ ಜಾಸ್ತಿ.

ಮೈಸೂರು ಮರಿಮಲ್ಲಪ್ಪ
ಎಲ್ಲರೂ ಭತ್ತ ಭತ್ತ ಅಂತಿದ್ದೀರಿ. ‘ನೆಲ್ಲು’ ಎಲ್ಲಿ ಹೋಯ್ತು? ನಮ್ಮಜ್ಜಿ ಬಾಯಲ್ಲಿ ಭತ್ತ ಅನ್ನೋ ಪದವೇ ಬರುತ್ತಿರಲಿಲ್ಲ. ನೆಲ್ಲು, ನೆಲ್ಲಕ್ಕಿ ಅನ್ನ.

ಮನಿಲಾದ ಮಂಡ್ಯದವಳು
ಮಂಡ್ಯದಲ್ಲಿ ಎರಡೂ ಇದೆ ಸರ್. ಗದ್ದೇಲಿ ಬತ್ತ, ಅಜ್ಜಿ ಹತ್ತಿರ ನೆಲ್ಲು.

ಹಳೇ ಮೇಷ್ಟ್ರು
ನೆಲ್ಲು ಹಳೆಯ ದ್ರಾವಿಡ ಪದ. ತಮಿಳಿನ ನೆಲ್ ಅದೇ. ಇಲ್ಲಿ ಜಗಳ ಬೇಡ, ಎರಡಕ್ಕೂ ಪಾಲೈ.

ಬೇರು ಬಿಳಲು
ಮೇಷ್ಟ್ರೇ, ‘ರೈಸ್’ ಪದವೇ ನಮ್ಮ ದ್ರಾವಿಡ ‘ಅರಿಸಿ’ಯಿಂದ ಹೋದದ್ದು. ಇದು ಸಾಬೀತಾದ ವಿಷಯ. ನಮ್ಮಿಂದ ಪದ ಒಯ್ದು ನಮಗೇ ಗೊಂದಲ ಮಾಡಿದರು.

ಹಳೇ ಮೇಷ್ಟ್ರು
ಸಾಬೀತು ಅನ್ನಬೇಡಿ. ಇಂಗ್ಲಿಷಿಗೆ ಫ್ರೆಂಚಿನಿಂದ, ಅದಕ್ಕೆ ಇಟಾಲಿಯನ್‌ನಿಂದ, ಅದರ ಹಿಂದೆ ಲ್ಯಾಟಿನ್, ಗ್ರೀಕ್‌ನ ‘ಒರಿಜಾ’. ಅಲ್ಲಿಯವರೆಗೆ ದಾರಿ ಸ್ಪಷ್ಟ. ಗ್ರೀಕರಿಗೆ ಎಲ್ಲಿಂದ ಬಂತು ಎಂಬಲ್ಲಿ ಜಗಳ. ಇರಾನಿನ ಕಡೆಯ ಭಾಷೆಗಳ ಮೂಲಕ, ಸಂಸ್ಕೃತದ ‘ವ್ರೀಹಿ’ಗೆ ನಂಟಿರುವ ಪದದಿಂದ ಅಂತ ಹಲವರು ಹೇಳುತ್ತಾರೆ. ಅರಿಸಿ ಅಂತ ಹೇಳುವವರೂ ಇದ್ದಾರೆ. ನಮಗೆ ಹೆಮ್ಮೆ ಆಗುತ್ತದೆ ಅನ್ನುವ ಕಾರಣಕ್ಕೆ ತೀರ್ಪು ಕೊಡೋಕಾಗಲ್ಲ.

ಇದಕ್ಕಿಂತ ಚೆಂದದ್ದು ಒಂದು ಇದೆ, ಕೇಳಿ. ಟ್ಯಾಗಲಾಗ್‌ನಲ್ಲಿ ‘ಕಾಯಿನ್’ ಅಂದರೆ ತಿನ್ನು. ಅದಕ್ಕೆ ‘ಇನ್’ ಸೇರಿ, ನಡುವೆ ಸವೆದು ‘ಕಾನಿನ್’. ತಿನ್ನುವಂಥದ್ದು ಅಂತ ಅರ್ಥ. ಈಗ ನಮ್ಮ ‘ಅನ್ನ’ ನೋಡಿ. ಸಂಸ್ಕೃತದಲ್ಲಿ ‘ಅದ್’ ಅಂದರೆ ತಿನ್ನು. ಅದರಿಂದ ‘ಅನ್ನ’, ತಿನ್ನುವಂಥದ್ದು. ಎರಡು ಭಾಷೆಗಳಿಗೂ ರಕ್ತಸಂಬಂಧವೇನೂ ಇಲ್ಲ. ಆದರೆ ಇಬ್ಬರೂ ತಟ್ಟೆ ನೋಡಿ ಒಂದೇ ಹೆಸರಿಟ್ಟರು.

ದಾವಾವ್ ಡಾಕ್ಟ್ರು
ಅಯ್ಯೋ, ಇಲ್ಲೂ ಹಾಗೇ! ಬಿಸಾಯಾದಲ್ಲಿ ತಿನ್ನು ಅಂದರೆ ‘ಕಾಓನ್’, ಅನ್ನ ‘ಕಾನ್‌ಓನ್’. ಮೂರು ವರ್ಷದಿಂದ ತಿನ್ನುತ್ತಿದ್ದೇನೆ, ಹೊಳೆದೇ ಇರಲಿಲ್ಲ.

ಇಲ್ಲಿ ಎದುರು ಸಿಕ್ಕವರು ‘ಊಟ ಆಯ್ತಾ?’ ಅಂತಲೇ ಕೇಳುವುದು. ಟ್ಯಾಗಲಾಗ್‌ನಲ್ಲಿ ‘ಕುಮಾಯಿನ್ ಕಾ ನಾ?’ ನಮ್ಮಲ್ಲಿ ಹಾಗೇ ಅಲ್ವಾ. ಇಲ್ಲಿಗೆ ಬಂದ ಹೊಸದರಲ್ಲಿ ಮನೆ ನೆನಪಾಗಿ ಅಳು ಬಂದದ್ದು ಆ ಪ್ರಶ್ನೆ ಕೇಳಿಯೇ.

ರೇಷನ್ ಕಾರ್ಡು
ಅನ್ನ, ಅಕ್ಕಿ ಅಂತ ಅಷ್ಟು ವ್ಯತ್ಯಾಸ ಮಾಡುವ ಕನ್ನಡದವರು 2013ರಲ್ಲಿ ‘ಅನ್ನಭಾಗ್ಯ’ ಅಂತ ಹೆಸರಿಟ್ಟು ಕೊಟ್ಟಿದ್ದು ಅಕ್ಕಿ. ಅದಕ್ಕೇನು ಹೇಳುತ್ತೀರಿ?

ಮೈಸೂರು ಮರಿಮಲ್ಲಪ್ಪ
ಅನ್ನದಾತ ಅಂತ ರೈತನಿಗೆ ಹೇಳುತ್ತೇವೆ, ಅವನು ಕೊಡೋದು ನೆಲ್ಲು. ಅನ್ನ ಅಂದರೆ ಹೊಟ್ಟೆಪಾಡು ಅಂತಲೂ ಅರ್ಥ. ಅದನ್ನೂ ಪಟ್ಟಿಗೆ ಸೇರಿಸಿ.

ಧಾರವಾಡದ ಹುಡುಗ
ಜೋಳದ ರೊಟ್ಟಿ ತಿಂದು ‘ಅನ್ನದ ಋಣ’ ಅಂತೀವಲ್ರೀ ನಾವು.

ಇಬ್ಬರು ಮಕ್ಕಳ ತಾಯಿ
ಎಲ್ಲ ಸರಿ. ಆದರೆ ಕನ್ನಡದಲ್ಲಿ ಮೂರು ಪದ ಇನ್ನೂ ಉಳಿದಿವೆಯಾ? ನಮ್ಮ ಅಪಾರ್ಟ್‌ಮೆಂಟಿನಲ್ಲಿ ‘ಮಗೂಗೆ ರೈಸ್ ತಿನ್ನಿಸಿದ್ರಾ’, ‘ರೈಸ್ ಖಾಲಿ ಆಯ್ತು, ಆರ್ಡರ್ ಮಾಡಿ’, ‘ಮಧ್ಯಾಹ್ನಕ್ಕೆ ರೈಸ್ ಐಟಮ್’. ನನ್ನ ಎಂಟು ವರ್ಷದ ಮಗಳು ಮೊನ್ನೆ ‘ಅಮ್ಮ, ಅಕ್ಕಿ ಬಡಿಸು’ ಅಂದಳು. ಪಲೆಂಗ್ಕೆಯಲ್ಲಿ ನಕ್ಕ ಹಾಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಕೋರಮಂಗಲ ಕೋಡರ್
ಭಾಷೆ ಬದಲಾಗುತ್ತದೆ ಮೇಡಂ. ರೈಸ್ ಅಂದರೆ ಏನು ಸತ್ತು ಹೋಗುತ್ತದೆ?

ಇಬ್ಬರು ಮಕ್ಕಳ ತಾಯಿ
ಅಕ್ಕಿಯೂ ಅನ್ನವೂ ಬೇರೆ ಎಂಬುದು ಸತ್ತು ಹೋಗುತ್ತದೆ. ಎಂಟು ವರ್ಷದ ಮಗುವಿಗೆ ಆಗಲೇ ಸತ್ತಿದೆ.

ದಾವಾವ್ ಡಾಕ್ಟ್ರು
ಇಲ್ಲಿ ಒಂದು ಮಾತು ಸೇರಿಸಬೇಕು. ಫಿಲಿಪಿನೊಗಳು ಕೂಡ ಹೋಟೆಲಿನಲ್ಲಿ ‘ಎಕ್ಸ್‌ಟ್ರಾ ರೈಸ್’ ಅಂತಲೇ ಕೂಗುವುದು. ಎಷ್ಟು ಬೇಕಾದರೂ ಅನ್ನ ಹಾಕಿಸಿಕೊಳ್ಳುವ ಊಟಕ್ಕೆ ‘ಅನ್ಲಿ ರೈಸ್’ ಅಂತ ಬೋರ್ಡು, ಅನ್‌ಲಿಮಿಟೆಡ್ ಎಂಬುದರ ತುಂಡು. 2017ರಲ್ಲಿ ಸಿಂಥಿಯಾ ವಿಲ್ಲಾರ್ ಅಂತ ಒಬ್ಬರು ಸೆನೆಟರ್, ಅನ್ಲಿ ರೈಸ್‌ನಿಂದ ಸಕ್ಕರೆ ಕಾಯಿಲೆ ಬರುತ್ತದೆ, ಅದನ್ನು ನಿಲ್ಲಿಸಬೇಕು ಅನ್ನುವ ಅರ್ಥದ ಮಾತಾಡಿದರು. ಜನ ಅವರ ಮೇಲೆ ಬಿದ್ದ ರೀತಿ ನೋಡಬೇಕಿತ್ತು. ಮಾತು ವಾಪಸ್ ತಗೊಂಡರು. ಆದರೆ ಗಮನಿಸಿ, ಹೋಟೆಲಿನ ‘ರೈಸ್’ ಅಂದರೆ ಕಾನಿನ್ ಮಾತ್ರ. ಅಕ್ಕಿ ಅಂಗಡಿಗೆ ಹೋದರೆ ಅದೇ ಜನ ‘ಬಿಗಾಸ್’ ಅನ್ನುತ್ತಾರೆ. ಇಂಗ್ಲಿಷ್ ಪದ ತಂದರೂ ಗೋಡೆ ಒಡೆಯಲು ಬಿಟ್ಟಿಲ್ಲ.

ಕುಚ್ಚಲಕ್ಕಿ ಕುಡ್ಲ
ಅನ್ನದ ವಿಷಯ ಆಯಿತು. ಅದಕ್ಕೆ ಕಲಸಿಕೊಳ್ಳುವುದಕ್ಕೆ ಏನು ಹೇಳುತ್ತಾರೆ? ನಮ್ಮಲ್ಲಿ ‘ಇವತ್ತು ಎಂತ ಪದಾರ್ಥ?’ ಅಂತ ಕೇಳುತ್ತೇವೆ. ಮೀನಿನ ಗಸಿ ಇರಲಿ, ಬಸಳೆ ಇರಲಿ, ಎಲ್ಲ ಪದಾರ್ಥ. ಬೆಂಗಳೂರಿನಲ್ಲಿ ಹಾಗೆ ಕೇಳಿದರೆ ಏನು ಸಾಮಾನು ಬೇಕಿತ್ತು ಅನ್ನುತ್ತಾರೆ.

ತೀರ್ಥಹಳ್ಳಿ ಮಳೆ
ಊಲಾಮ್! ಸರಿಯಾಗಿ ನಿಮ್ಮ ಪದಾರ್ಥವೇ. ಅನ್ನದ ಜೊತೆಗೆ ಬರುವುದೆಲ್ಲ ಊಲಾಮ್. ‘ಅನೋಂಗ್ ಊಲಾಮ್?’ ಅಂದರೆ ‘ಎಂತ ಪದಾರ್ಥ?’ ಇಂಗ್ಲಿಷಿನಲ್ಲಿ ಇದಕ್ಕೆ ಪದ ಇಲ್ಲದ್ದರಿಂದ ಫಿಲಿಪಿನೊಗಳು ‘ವೈಯಾಂಡ್’ ಅಂತ ಹಳೇ ಪದ ಎತ್ತಿಕೊಂಡು ಬಳಸುತ್ತಾರೆ. ಇಂಗ್ಲೆಂಡಿನವರಿಗೇ ಅದು ಅರ್ಥವಾಗುವುದು ಕಷ್ಟ.

ಅನ್ನ ಮಾಡುವುದಕ್ಕೂ ಬೇರೆ ಕ್ರಿಯಾಪದ ಇದೆ, ‘ಸಾಯಿಂಗ್’. ಮಿಕ್ಕ ಅಡುಗೆಗೆ ‘ಲೂತೊ’. ನೀರಿನ ಅಳತೆ ಮಾತ್ರ ನಮ್ಮ ಅಮ್ಮಂದಿರದ್ದೇ. ಅಕ್ಕಿಯ ಮೇಲೆ ಬೆರಳು ಇಟ್ಟು ಮೊದಲ ಗೆಣ್ಣಿನ ತನಕ.

ಹಳೇ ಮೇಷ್ಟ್ರು
ಅವರ ಒಂದು ಗಾದೆ ಉಂಟು. ಮದುವೆ ಅಂದರೆ ತಮಾಷೆಯಲ್ಲ, ಬಾಯಿ ಸುಟ್ಟರೆ ಉಗುಳಲು ಅದೇನು ಅನ್ನದ ತುತ್ತಾ ಅಂತ. ಅಲ್ಲಿ ಬರುವುದು ಕಾನಿನ್.

ಮೈಸೂರು ಮರಿಮಲ್ಲಪ್ಪ
ನಮ್ಮದು ಬಿಸಿ ತುಪ್ಪ. ನುಂಗೋಕಾಗಲ್ಲ, ಉಗುಳೋಕಾಗಲ್ಲ. ಮೂವತ್ತೆರಡು ವರ್ಷ ಆಯ್ತು.

ಬಸವನಗುಡಿ ಬೆಣ್ಣೆ
ಸರ್, ಮನೆಯವರು ಈ ವೇದಿಕೆ ಓದ್ತಾರಾ?

ಮೈಸೂರು ಮರಿಮಲ್ಲಪ್ಪ
ತುಪ್ಪ ಒಳ್ಳೆಯದು ಅಂತ ಹೇಳಿದೆ ಅಷ್ಟೇ.

ಮನಿಲಾದ ಮಂಡ್ಯದವಳು
ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರು ಹೇಳಿದ ಹಾಗೆ ಇಂಗ್ಲಿಷ್ ಬಿಟ್ಟು ಕನ್ನಡದಿಂದ ನೇರ ಹೊರಟೆ. ನಿನ್ನೆ ಅದೇ ಅಂಗಡಿಗೆ ಹೋಗಿ ‘ಆತೆ, ಲಿಮಾಂಗ್ ಕಿಲೋಂಗ್ ಬಿಗಾಸ್ ಪೋ’ ಅಂದೆ. (ಇಲ್ಲಿ ಅಕ್ಕನಿಗೆ ‘ಆತೆ’ ಅನ್ನುತ್ತಾರೆ. ನನಗೆ ಪ್ರತಿ ಸಲ ಅತ್ತೆ ನೆನಪಾಗುತ್ತಾರೆ.) ಅವರು ಅಕ್ಕಿ ತೂಗಿ, ಒಂದು ಹಿಡಿ ಜಾಸ್ತಿ ಹಾಕಿ, ‘ಮದುವೆ ಮುಗೀತಾ?’ ಅಂದರು. ಮರೆತಿಲ್ಲ.

‘ಲಾವೊನ್ ಇದೆಯಾ’ ಅಂತ ಕೇಳುವುದನ್ನೂ ಅವರೇ ಕಲಿಸಿದರು. ಹಳೇ ಅಕ್ಕಿ ಅಂತ. ನಮ್ಮ ಹಾಗೆ ಇವರಿಗೂ ಹಳೇ ಅಕ್ಕಿಯೇ ಇಷ್ಟ, ಅನ್ನ ಒದಗುತ್ತದೆ. ಹಳೇ ಬಟ್ಟೆಗೆ ‘ಲೂಮಾ’, ವಯಸ್ಸಾದವರಿಗೆ ‘ಮತಾಂಡಾ’, ಹಳೇ ಅಕ್ಕಿಗೆ ಬೇರೆ ಪದ. ಇನ್ನೊಂದು ಥ್ರೆಡ್‌ಗೆ ಸಾಕು.

ಇಷ್ಟಾದ ಮೇಲೂ ಇವತ್ತು ಬೆಳಿಗ್ಗೆ ಇನ್ನೊಂದು ಎಡವಟ್ಟಾಯಿತು. ಬಹಾವ್ ಉಳಿದಿತ್ತು, ಚಿತ್ರಾನ್ನ ಮಾಡುತ್ತಿದ್ದೆ. ಮನೆ ಓನರ್ ಅಜ್ಜಿ ಬಾಗಿಲ ಹತ್ತಿರ ಬಂದು ಏನು ಮಾಡುತ್ತಿದ್ದೀ ಅಂದರು. ‘ನಾವು ತಿನ್ನುತ್ತೇವೆ’ ಅನ್ನಲು ‘ಕಾಕಾಯಿನ್ ತಾಯೊ’ ಅಂದೆ. ಅಜ್ಜಿ ಖುಷಿಯಾಗಿ ಹೋಗಿ ತಟ್ಟೆ ತಂದು ಕೂತರು! ನಮ್ಮ ಯಜಮಾನರು ಹಲ್ಲುಜ್ಜುತ್ತಾ ಹೊರಗೆ ಬಂದವರು ಹಾಗೇ ನಿಂತರು.

ಕುಚ್ಚಲಕ್ಕಿ ಕುಡ್ಲ
ಹಹಹ! ತಾಯೊ ಅಂದರೆ ‘ನೀವೂ ಸೇರಿ ನಾವು’ ಅಲ್ವಾ? ತುಳುವಿನಲ್ಲಿ ಇದೆ. ‘ನಮ’ ಅಂದರೆ ನೀವೂ ಸೇರಿ, ‘ಎಂಕುಲು’ ಅಂದರೆ ನಿಮ್ಮನ್ನು ಬಿಟ್ಟು. ಕನ್ನಡದ ‘ನಾವು’ ಎರಡಕ್ಕೂ ಒಂದೇ. ಈ ಸಲ ಇಂಗ್ಲಿಷನ್ನು ಬೈಯುವ ಹಾಗಿಲ್ಲ ಮೇಷ್ಟ್ರೇ!

ಹಳೇ ಮೇಷ್ಟ್ರು
ಒಪ್ಪಿದೆ. ತೆಲುಗಿನ ಮನಂ, ಮೇಮು ಕೂಡ ಹಾಗೇ. ತಂಗಿ, ‘ಕಾಮಿ’ ಅನ್ನಬೇಕಿತ್ತು.

ಮನಿಲಾದ ಮಂಡ್ಯದವಳು
ಅನ್ನಲಿಲ್ಲವಲ್ಲ, ಒಳ್ಳೆಯದೇ ಆಯಿತು. ಅಜ್ಜಿ ಎರಡು ಸಲ ಹಾಕಿಸಿಕೊಂಡರು. ಚಿತ್ರಾನ್ನಕ್ಕೆ ‘ಸಿನಂಗಾಗ್ ನಾ ದಿಲಾವ್’ ಅಂತ ಹೆಸರಿಟ್ಟರು, ಹಳದಿ ಸಿನಂಗಾಗ್. ಕಡಲೆಬೀಜ ಒಂದೊಂದೇ ಆರಿಸಿ ತಿಂದರು. ಆಮೇಲೆ ‘ಊಲಾಮ್ ಎಲ್ಲಿ?’ ಅಂದರು. ಇದಕ್ಕೆ ಊಲಾಮ್ ಬೇಡ, ಹಾಗೇ ತಿನ್ನೋದು ಅಂದೆ. ನಂಬಲಿಲ್ಲ. ಪಾಪ ನನ್ನ ಹತ್ತಿರ ಇಲ್ಲ ಅಂದುಕೊಂಡು ಮನೆಗೆ ಹೋಗಿ ಹುರಿದ ಒಣಮೀನು ತಂದು ಚಿತ್ರಾನ್ನದ ಪಕ್ಕ ಇಟ್ಟರು.

ಬಸವನಗುಡಿ ಬೆಣ್ಣೆ
ಚಿತ್ರಾನ್ನಕ್ಕೆ ಒಣಮೀನಾ! ಅಮ್ಮನಿಗೆ ಇದನ್ನು ತೋರಿಸಲ್ಲ.

ಕುಚ್ಚಲಕ್ಕಿ ಕುಡ್ಲ
ಅದರಲ್ಲಿ ತಪ್ಪೇನು ಉಂಟು? ಯಾವ ಮೀನು ಅಂತ ಹೇಳಿ ಮೊದಲು.